ಗುಂಪು ಅಸೈನ್‌ಮೆಂಟ್ ಕನ್ನಡ ವಿಕಿಪೀಡಿಯಕ್ಕೆ ಬರಲಿ

ಮಾನ್ಯ ಸಂಪಾದಕರೆ,

ಪದವಿ ಕಾಲೇಜುಗಳಲ್ಲಿ ಗುಂಪು ಕಲಿಕೆ ಎಂದರೆ ಈಗ ವಾಟ್ಸ್‌ಆ್ಯಪ್ ಗುಂಪು ಎಂದಾಗಿದೆ. ಪರೀಕ್ಷೆಯ ವೇಳಾಪಟ್ಟಿ, ನೋಟ್ಸಿನ ಪಿಡಿಎಫ್, ಅದರ ಕೆಳಗೆ ಸಾಲು ಸಾಲು ‘ಓಕೆ ಸರ್’. ಅಸೈನ್‌ಮೆಂಟ್ ಐವರ ಹೆಸರಿನಲ್ಲಿ ಬಂದರೂ ಬರೆದವರು ಒಬ್ಬರೋ ಇಬ್ಬರೋ. ಕನ್ನಡ ವಿಕಿಪೀಡಿಯದಲ್ಲಿ ಬರೆಸಿದರೆ ಈ ಮರೆ ಉಳಿಯುವುದಿಲ್ಲ. ಪುಟದ ‘ಇತಿಹಾಸ’ ತೆರೆದರೆ ಯಾರು, ಯಾವ ದಿನ, ಎಷ್ಟು ಗಂಟೆಗೆ ಯಾವ ಸಾಲು ಸೇರಿಸಿದರು, ಯಾವುದನ್ನು ಅಳಿಸಿದರು ಎಂಬುದೆಲ್ಲ ಸಿಗುತ್ತದೆ. 2003ರಲ್ಲಿ ಶುರುವಾದ ಈ ತಾಣವನ್ನು ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯ, ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜುಗಳು ಪಾಠಕ್ಕೆ ಬಳಸಿಕೊಂಡಿವೆ. ಉಳಿದ ಕಾಲೇಜುಗಳೂ ಕೈಹಾಕಲಿ, ಆದರೆ ತಯಾರಿ ಮಾಡಿಕೊಂಡು.

ಮೊದಲ ತೊಡಕು ಎದುರಾಗುವುದು ಲ್ಯಾಬಿನಲ್ಲೇ. ಒಂದು ಐಪಿ ವಿಳಾಸದಿಂದ (ಅಂತರ್ಜಾಲದಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆ) 24 ಗಂಟೆಯಲ್ಲಿ 6 ಹೊಸ ಖಾತೆ ಮಾತ್ರ ತೆರೆಯಬಹುದು. ಲ್ಯಾಬಿನ ಕಂಪ್ಯೂಟರುಗಳೆಲ್ಲ ಸಾಮಾನ್ಯವಾಗಿ ಒಂದೇ ಐಪಿಯಿಂದ ಹೊರಹೋಗುವುದರಿಂದ ಏಳನೆಯ ವಿದ್ಯಾರ್ಥಿಗೆ ಬಾಗಿಲು ಮುಚ್ಚುತ್ತದೆ, ಆ ದಿನದ ತರಗತಿ ಅಲ್ಲಿಗೇ ನಿಲ್ಲುತ್ತದೆ. ಹಿಂದಿನ ದಿನವೇ ಮನೆಯಿಂದ, ಮೊಬೈಲ್ ಡೇಟಾದಲ್ಲಿ ಖಾತೆ ತೆರೆಯಲು ಹೇಳಿ. ಸದಸ್ಯನಾಮವಾಗಿ ರಿಜಿಸ್ಟರ್ ನಂಬರ್ ಬೇಡ. ಅದು ಎಲ್ಲರಿಗೂ ಕಾಣುತ್ತದೆ, ಇತಿಹಾಸದಲ್ಲಿ ಉಳಿಯುತ್ತದೆ.

ಎರಡನೆಯದು ಅಕ್ಷರದ ಸಮಸ್ಯೆ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟುಗಳಲ್ಲಿ ಟೈಪಿಸಿಟ್ಟ ಪಠ್ಯ ಯುನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಪ್ಪುವ ಅಕ್ಷರ ಸಂಕೇತ ವ್ಯವಸ್ಥೆ) ಅಲ್ಲ. ಹಾಗೇ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಬೀಳುತ್ತದೆ, ಮೊದಲು ಪರಿವರ್ತಿಸಿಕೊಳ್ಳಬೇಕು. ನೇರವಾಗಿ ಬರೆಯುವವರು ಬರೆಯುವ ಜಾಗದಲ್ಲಿ ಕರ್ಸರ್ ಇಟ್ಟು ಕಂಟ್ರೋಲ್ ಮತ್ತು ಎಂ ಕೀಲಿ ಒಟ್ಟಿಗೆ ಒತ್ತಿದರೆ ಕನ್ನಡ ಕೀಲಿಮಣೆ ಬರುತ್ತದೆ.

ಇತಿಹಾಸ ಪುಟದ ಬೈಟ್ ಲೆಕ್ಕ ನೋಡಿ ಅಂಕ ಹಾಕುವವರು ಒಂದು ಮಾತು ಗಮನಿಸಬೇಕು. ವಿಕಿಪೀಡಿಯ ಬಳಸುವ ಯುಟಿಎಫ್-8 ಎಂಬ ಯುನಿಕೋಡ್ ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್. ‘ಕನ್ನಡ’ ಎಂಬ ಪದವೇ 15 ಬೈಟ್: ಕ, ನ, ಹಲಂತ, ಇನ್ನೊಂದು ನ, ಡ. ಹೀಗಾಗಿ 2000 ಬೈಟ್ ಬರೆದರೆಂದರೆ ಅಲ್ಲಿರುವುದು ಸುಮಾರು 80 ಪದ. ಗಾತ್ರ ನೋಡಿ ಮೋಸಹೋಗದೆ ಬರಹ ಓದಿಯೇ ಅಂಕ ಕೊಡಿ.

ನಾಲ್ವರ ಗುಂಪು ಸಾಕು. ಪ್ರಯೋಗಪುಟದಲ್ಲಿ (ಬರೆದು ಅಭ್ಯಾಸ ಮಾಡುವ ಕರಡು ಪುಟ) ಲೇಖನದ ವಿಭಾಗಗಳನ್ನು ಹಂಚಿಕೊಂಡು, ಒಬ್ಬೊಬ್ಬರು ತಮ್ಮ ವಿಭಾಗದ ಸಂಪಾದನೆ ಕೊಂಡಿಯಿಂದಲೇ ಬರೆಯಲಿ, ಆಗಾಗ ಉಳಿಸಲಿ. ಇಬ್ಬರು ಒಂದೇ ಪ್ಯಾರಾವನ್ನು ಏಕಕಾಲಕ್ಕೆ ತಿದ್ದಿದರೆ ಎರಡನೆಯವರು ಉಳಿಸುವಾಗ ಸಂಪಾದನೆ ಘರ್ಷಣೆ, ಅಂದರೆ ಎರಡು ತಿದ್ದುಪಡಿ ಹೊಂದುತ್ತಿಲ್ಲ ಎಂಬ ಎಚ್ಚರಿಕೆ, ಎದುರಾಗುತ್ತದೆ, ಗಾಬರಿಯಲ್ಲಿ ಪುಟ ಮುಚ್ಚಿದರೆ ಬರೆದದ್ದು ಹೋಗುತ್ತದೆ. ಮಾತುಕತೆ ಚರ್ಚೆ ಪುಟದಲ್ಲೇ ನಡೆಯಲಿ, ವಾಟ್ಸ್‌ಆ್ಯಪಿನಲ್ಲಿ ಬೇಡ. 20 ಅಂಕವಿದ್ದರೆ 8 ಸ್ವಂತ ಬರಹಕ್ಕೆ, 6 ಉಲ್ಲೇಖಕ್ಕೆ, 6 ಗೆಳೆಯರ ಬರಹ ತಿದ್ದಿದ್ದಕ್ಕೆ ಇರಲಿ. ಈ ಕೊನೆಯ ಆರೇ ಗುಂಪು ಕಲಿಕೆಯ ಜೀವ.

ಪಠ್ಯಪುಸ್ತಕದಿಂದ ಇಳಿಸಿದ್ದು, ಗೂಗಲ್‌ನಿಂದ ತೆಗೆದ ಚಿತ್ರ ಕೃತಿಸ್ವಾಮ್ಯದ ಕಾರಣಕ್ಕೆ ಅಳಿಯುತ್ತವೆ. ಯಂತ್ರಾನುವಾದವನ್ನು ತಿದ್ದದೆ ಹಾಕಿದರೆ ಓದುವವರಿಗೆ ಹಿಂಸೆ. ಎಲ್ಲಕ್ಕಿಂತ ದೊಡ್ಡ ತಪ್ಪು, ಗಡುವಿನ ಹಿಂದಿನ ರಾತ್ರಿ ಇಡೀ ತರಗತಿಯ ಲೇಖನಗಳನ್ನು ಒಮ್ಮೆಲೇ ಸುರಿಯುವುದು. ಅಲ್ಲಿ ತಿದ್ದಿ ತೀಡುವವರು ಕೆಲವೇ ಸ್ವಯಂಸೇವಕರು, ಸಂಬಳವಿಲ್ಲದವರು. ಎರಡು ವಾರ ಮೊದಲೇ ವಿಕಿಪೀಡಿಯದ ಸಮುದಾಯ ಚರ್ಚೆಯ ‘ಅರಳಿಕಟ್ಟೆ’ ಪುಟದಲ್ಲಿ ತಿಳಿಸಿದರೆ ಅವರೂ ನೆರವಿಗೆ ಬರಬಹುದು.

ಇದರ ನಡುವೆ ಮೆಟಾವರ್ಸ್, ಅಂದರೆ ಕಂಪ್ಯೂಟರಿನಲ್ಲಿ ಕಟ್ಟಿದ ವರ್ಚುವಲ್ ಲೋಕದೊಳಗಿನ ತರಗತಿಯ ಮಾತೂ ಕೇಳುತ್ತಿದೆ. ಹಾಕಿದ ದುಡ್ಡು ಎಲ್ಲಿಗೆ ಹೋಗುತ್ತದೆಂದು ಯೋಚಿಸಬೇಕು. ಇಂಥ ತಾಣಗಳಲ್ಲಿ ಮೈಕ್ರೋಸಾಫ್ಟ್ ಕೈಲಿದ್ದ ಆಲ್ಟ್‌ಸ್ಪೇಸ್ 2023ರ ಮಾರ್ಚಿನಲ್ಲಿ, ಮೊಜಿಲ್ಲಾ ನಡೆಸುತ್ತಿದ್ದ ಹಬ್ಸ್ ಸೇವೆ 2024ರ ಮೇ ಕೊನೆಗೆ ಮುಚ್ಚಿದವು. ವಿದ್ಯಾರ್ಥಿಗಳು ಕಟ್ಟಿದ ಕೋಣೆ, ಮಾದರಿಗಳ ಕಡತಗಳನ್ನು ಕಾಲೇಜಿನ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಸೌಲಭ್ಯವಿಲ್ಲದ ಯಾವ ವರ್ಚುವಲ್ ಲೋಕಕ್ಕೂ ಸಹಿ ಹಾಕಬಾರದು.

ವಿಶ್ವವಿದ್ಯಾಲಯಗಳಿಂದ ಬೇಕಿರುವುದು ಒಂದು ಸುತ್ತೋಲೆ: ಆಂತರಿಕ ಅಂಕಕ್ಕೆ ಸ್ಪೈರಲ್ ಬೈಂಡಿಂಗ್ ಪ್ರತಿಯ ಬದಲು ಪುಟದ ಇತಿಹಾಸದ ಕೊಂಡಿಯನ್ನೂ ಸ್ವೀಕರಿಸಬಹುದು, ಮುಂದೆ ಲೇಖನ ಅಳಿಸಿಹೋದರೂ ವಿದ್ಯಾರ್ಥಿಯ ಅಂಕ ಕಡಿತವಾಗಬಾರದು.

– ಕೆಲವು ಪದವಿ ಕಾಲೇಜು ಉಪನ್ಯಾಸಕರು, ಶಿವಮೊಗ್ಗ