ಫ್ರಿಮ್ಯಾಂಟಲ್ ಡಾಕ್ಟರ್ ಮತ್ತು ನನ್ನ ಪೈಪು

ಪರ್ತ್, ಪಶ್ಚಿಮ ಆಸ್ಟ್ರೇಲಿಯಾ
ಜನವರಿ, ಭಾನುವಾರ ರಾತ್ರಿ

ಪ್ರೀತಿಯ ಅಣ್ಣನಿಗೆ,

ನಮಸ್ಕಾರ. ನಾವೆಲ್ಲ ಇಲ್ಲಿ ಕ್ಷೇಮ. ಅವ್ವನ ಮಂಡಿನೋವು ಇಳಿದಿದೆ ಎಂದು ಅತ್ತಿಗೆ ಹೇಳಿದ ಮೇಲೆ ಮನಸ್ಸು ಹಗುರಾಯಿತು. ಕಂಪಲಾಪುರದ ಹೊಗೆಸೊಪ್ಪಿನ ಹರಾಜಿಗೆ ಉಳಿದ ಬೇಲುಗಳನ್ನು ಯಾವಾಗ ಸಾಗಿಸುತ್ತೀ? ಕಡೆಗೆ ಉಳಿದ ಸೊಪ್ಪಿಗೂ ಒಳ್ಳೆಯ ದರ ಸಿಗಲಿ ಎಂದು ದಿನವೂ ನೆನೆಯುತ್ತೇನೆ.

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ನೆಟ್ಟಗೆ ಉತ್ತರ ಹೇಳಲು ಆಗಲಿಲ್ಲ. "ಜುಲೈನಲ್ಲಿ ಪೈಪನ್ನು ಅಷ್ಟು ಹೊಗಳಿದವನು ಈಗ ನಾಲಿಗೆ ಸುಟ್ಟಿತು, ರುಚಿಯೇ ಇಲ್ಲ ಎನ್ನುತ್ತೀಯಲ್ಲ, ಅದೇ ಪೈಪು, ಅದೇ ಹೊಗೆಸೊಪ್ಪು ತಾನೇ?" ಎಂದು ಕೇಳಿದೆಯಲ್ಲ. ಹೌದು, ಎರಡೂ ಅವೇ. ಬದಲಾದದ್ದು ಗಾಳಿ. ಇದನ್ನು ಬೇರೆ ಯಾರಿಗಾದರೂ ವಿವರಿಸಲು ನನಗೆ ಕಷ್ಟವಾಗುತ್ತಿತ್ತು. ಇಷ್ಟು ವರ್ಷ ಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಬಾಗಿಲಲ್ಲಿ ನಿದ್ದೆಗೆಟ್ಟ ನಿನಗೆ ಅರ್ಧ ಹೇಳಿದರೂ ಸಾಕು.

ಮೊದಲು ಇಲ್ಲಿನ ಬೇಸಿಗೆಯ ಬಗ್ಗೆ ಹೇಳಬೇಕು. ನಮಗೆ ಡಿಸೆಂಬರ್, ಜನವರಿ, ಫೆಬ್ರವರಿಯೇ ಉರಿಬಿಸಿಲಿನ ತಿಂಗಳುಗಳು. ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ದಿನಗಳು ಹೆಚ್ಚುಕಡಿಮೆ ಪ್ರತಿ ವರ್ಷವೂ ಬರುತ್ತವೆ; 2022ರ ಜನವರಿಯಲ್ಲಂತೂ ಸತತ ಆರು ದಿನ ಹಗಲಿನ ಬಿಸಿ 40 ದಾಟಿತು. ಬೆಳಿಗ್ಗೆ ಪೂರ್ವದಿಂದ, ಒಳನಾಡಿನ ಒಣಭೂಮಿಯನ್ನು ದಾಟಿಕೊಂಡು ಗಾಳಿ ಬೀಸುತ್ತದೆ. ಬ್ಯಾರನ್ ಒಲೆಗೆ ಸೌದೆ ಹಾಕಲು ಬಗ್ಗಿದಾಗ ಮುಖಕ್ಕೆ ರಾಚುತ್ತದಲ್ಲ, ಹಾಗೆ. ಮಧ್ಯಾಹ್ನದ ಹೊತ್ತಿಗೆ ಕಾದ ನೆಲದ ಮೇಲಿನ ಗಾಳಿ ಮೇಲಕ್ಕೇರಿ, ಆ ಜಾಗಕ್ಕೆ ನೈಋತ್ಯದ ಕಡಲಿನಿಂದ ತಂಪು ಗಾಳಿ ನುಗ್ಗುತ್ತದೆ. ಇದಕ್ಕೆ ಇಲ್ಲಿಯವರು ಇಟ್ಟಿರುವ ಹೆಸರು 'ಫ್ರಿಮ್ಯಾಂಟಲ್ ಡಾಕ್ಟರ್'. ಫ್ರಿಮ್ಯಾಂಟಲ್ ಬಂದರಿನ ಕಡೆಯಿಂದ ಬಂದು ಬೆಂದ ಊರನ್ನೆಲ್ಲ ಗುಣಪಡಿಸುವುದರಿಂದ ಆ ಹೆಸರು. ಡಾಕ್ಟರ್ ಬಂದ ಕೂಡಲೇ ಬೀದಿಯ ಕಿಟಕಿಗಳೆಲ್ಲ ತೆರೆದುಕೊಳ್ಳುತ್ತವೆ, ಒಗೆದ ಬಟ್ಟೆ ಹಗ್ಗದ ಮೇಲೆ ಹಾರಾಡುತ್ತದೆ. ಜನರ ಪಾಲಿಗೆ ವರವಾದ ಆ ಗಾಳಿಯೇ ನನ್ನ ಪೈಪಿಗೆ ದೊಡ್ಡ ತೊಂದರೆ.

ಕಳೆದ ಭಾನುವಾರ ನಡೆದದ್ದನ್ನೇ ಹೇಳುತ್ತೇನೆ. ವಾರವೆಲ್ಲ ಕಾದು, ಸಂಜೆ ನಾಲ್ಕಕ್ಕೆ ಹಿತ್ತಲಿನ ಜಗಲಿಯಲ್ಲಿ ಕುಳಿತು ಪೈಪಿನ ಬಟ್ಟಲಿಗೆ ಸೊಪ್ಪು ತುಂಬಿದೆ. ಮೂರು ಕಡ್ಡಿ ಗೀರಿದರೂ ಗಾಳಿಗೆ ಆರಿದವು, ನಾಲ್ಕನೆಯದು ಹತ್ತಿತು. ಎರಡೇ ಗುಕ್ಕು ಎಳೆದು ಪೈಪನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡೆ. ನಾನು ಎಳೆಯದಿದ್ದರೂ ಕೆಂಡ ತಾನಾಗಿಯೇ ಕೆಂಪೇರುತ್ತಿತ್ತು. ಗಾಳಿ ಜೋರಾದಂತೆ ಬಟ್ಟಲಿನೊಳಗೆ ಒಂದು ಸಣ್ಣ ಕಿತ್ತಳೆ ಕಣ್ಣು ತೆರೆಯುವುದು, ತಗ್ಗಿದಂತೆ ಬೂದಿಯ ರೆಪ್ಪೆ ಮುಚ್ಚುವುದು. ಕಮ್ಮಾರನ ತಿದಿ ಒತ್ತಿದ ಹಾಗೆ. ಬೂದಿಯ ಚೂರೊಂದು ಎದ್ದು ನನ್ನ ಬಿಳಿ ಅಂಗಿಯ ಮೇಲೆ ಕುಳಿತಿತು. ಮುಕ್ಕಾಲು ಗಂಟೆ ಬರಬೇಕಾದ ಸೊಪ್ಪು ಹದಿನೈದು ನಿಮಿಷದಲ್ಲಿ ಮುಗಿಯಿತು. ಬಟ್ಟಲು ಕೈಯಲ್ಲಿ ಹಿಡಿಯಲಾರದಷ್ಟು ಕಾದಿತ್ತು, ನಾಲಿಗೆಯ ತುದಿ ಬಿಸಿ ಕಾಫಿ ಕುಡಿದು ಸುಟ್ಟುಕೊಂಡಂತೆ ಎರಡು ದಿನ ಚುರುಗುಟ್ಟಿತು.

ಬೀಸುಗಾಳಿಯಲ್ಲಿ ಆಗುವುದು ಇಷ್ಟೇ. ಪೈಪಿನ ಸುಖವೆಲ್ಲ ಕೆಂಡವನ್ನು ಆರದಂತೆ, ಉರಿಯದಂತೆ, ನಡುವೆ ಮಿಣುಕುತ್ತಾ ಇರಿಸಿಕೊಳ್ಳುವುದರಲ್ಲಿದೆ. ಎಷ್ಟು ಉಸಿರು ಕೊಡಬೇಕು ಎಂಬುದು ಸೇದುವವನ ಕೈಯಲ್ಲಿರಬೇಕು. ಗಾಳಿ ಆ ಅಧಿಕಾರವನ್ನು ಕಿತ್ತುಕೊಳ್ಳುತ್ತದೆ. ಸೊಪ್ಪು ಅತಿಯಾಗಿ ಕಾದರೆ ಅದರ ಸಿಹಿ ಹೋಗಿ ಕಹಿ ಉಳಿಯುತ್ತದೆ, ಬಿಸಿ ಹಬೆ ನಾಲಿಗೆಯನ್ನು ಬೇಯಿಸುತ್ತದೆ. ಇನ್ನೂ ಒಂದು ನಷ್ಟವಿದೆ. ರುಚಿ ಎಂದು ನಾವು ಕರೆಯುವುದರಲ್ಲಿ ಬಹುಪಾಲು ಮೂಗಿನದು. ನಿಂತ ಗಾಳಿಯಲ್ಲಿ ಹೊಗೆ ಮುಖದ ಸುತ್ತ ಸುಳಿದಾಡಿ, ಒಣಹುಲ್ಲಿನ, ಸುಟ್ಟ ಸಕ್ಕರೆಯ ವಾಸನೆಯನ್ನು ಮತ್ತೆ ಮತ್ತೆ ತಂದುಕೊಡುತ್ತದೆ. ಬೀಸುಗಾಳಿಯಲ್ಲಿ ತುಟಿ ಬಿಟ್ಟ ಹೊಗೆ ಬೇಲಿಯಾಚೆಗೆ ಹೋಗಿಬಿಡುತ್ತದೆ. ಬಾಯಲ್ಲಿ ಉಳಿಯುವುದು ಬರೀ ಬಿಸಿ.

ಆ ಸಂಜೆ ತಣ್ಣಗಾಗುತ್ತಿದ್ದ ಪೈಪನ್ನು ಹಿಡಿದು ಕುಳಿತಾಗ ಅಪ್ಪ ನೆನಪಾದರು. ನಾನು ಏಳನೆಯ ತರಗತಿಯಲ್ಲಿದ್ದಾಗ, ಗಿಡದಿಂದ ಎರಡನೆಯ ಸಲ ಮುರಿದ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಬ್ಯಾರನ್‌ಗೆ ಏರಿಸಿದ ರಾತ್ರಿ, ಸೆಕೆ ಎಂದು ಕೆಳಗಿನ ಗಾಳಿಕಿಂಡಿಯನ್ನು ನಾನು ತೆರೆದಿಟ್ಟದ್ದು ನಿನಗೆ ನೆನಪಿರಬೇಕು. ಎಲೆ ಹಳದಿಗೆ ತಿರುಗುವ ಹೊತ್ತು ಅದು. ಒಳಗೆ ತೇವ ನಿಲ್ಲಬೇಕಿತ್ತು. ಬೆಳಗಾಗುವಷ್ಟರಲ್ಲಿ ಕಿಂಡಿಯ ಹತ್ತಿರದ ಸಾಲುಗಳೆಲ್ಲ ಹಸಿರಾಗಿಯೇ ಒಣಗಿ ನಿಂತಿದ್ದವು. ಅಪ್ಪ ಬೈಯಲಿಲ್ಲ. ನನ್ನನ್ನು ಕರೆದುಕೊಂಡು ಹೋಗಿ, ದಾರಕ್ಕೆ ಕಟ್ಟಿದ ತಾಪಮಾಪಕವನ್ನು ಎಳೆದು ತೋರಿಸಿ, "ಬೆಂಕಿ ಯಾರಾದರೂ ಹಾಕುತ್ತಾರೆ ಮಗ, ಗಾಳಿ ಬಿಡುವುದೇ ಬೇಸಾಯ" ಎಂದರು. ಮೊದಲ ಎರಡು ದಿನ 95ರಿಂದ 100 ಡಿಗ್ರಿ ಫ್ಯಾರನ್‌ಹೀಟ್, ಕಿಂಡಿ ಮುಚ್ಚಿ. ಬಣ್ಣ ಬಂದ ಮೇಲೆ ಸ್ವಲ್ಪ ಸ್ವಲ್ಪವೇ ತೆರೆಯುತ್ತಾ ಏರಿಸಬೇಕು. ಎಲೆಯ ನಡುದಂಟು ಒಣಗುವಾಗ 160ರ ಸುಮಾರಿಗೆ ಹೋಗಬೇಕು. ಅವಸರಪಟ್ಟರೆ ಹಸಿರು ಉಳಿಯುತ್ತದೆ, ತಡಮಾಡಿದರೆ ಎಲೆ ಕಂದುತ್ತದೆ. ಅಪ್ಪ ಹೇಳಿದ್ದು ಎಲೆಯ ವಿಚಾರ. ಅದೇ ಮಾತು ಈ ಅಂಗೈಯಗಲದ ಬಟ್ಟಲಿಗೂ ಹೊಂದುತ್ತದೆಂದು ಆಗ ನನಗೆ ಹೇಗೆ ಗೊತ್ತಾಗಬೇಕು?

ಸೆಕೆಯ ಕಾಟ ಬೇರೆ ಬಗೆಯದು. ಗಾಳಿಯಿಲ್ಲದ ದಿನವೂ ಅದು ಸೊಪ್ಪನ್ನು ಒಣಗಿಸಿ ಕೆಡಿಸುತ್ತದೆ. ಇಲ್ಲಿನ ಪೂರ್ವದ ಗಾಳಿಯಲ್ಲಿ ತೇವವೇ ಇಲ್ಲ. ಪೊಟ್ಟಣವನ್ನು ಅರ್ಧ ದಿನ ತೆರೆದಿಟ್ಟರೆ ಸೊಪ್ಪು ಬೆರಳಲ್ಲಿ ಪುಡಿಯಾಗುತ್ತದೆ. ಒಣಗಿದ ಸೊಪ್ಪು ಹುಲ್ಲಿನಂತೆ ಭಗ್ಗನೆ ಉರಿಯುತ್ತದೆ. ಅದರಲ್ಲೂ ನಾವು ಬೆಳೆಯುವಂಥ ವರ್ಜೀನಿಯಾ ಸೊಪ್ಪಿಗೆ ಈ ಗುಣ ಹೆಚ್ಚು. ಬ್ಯಾರನ್‌ನಲ್ಲಿ ಹಳದಿಯಾಗುವಾಗ ಎಲೆಯ ಪಿಷ್ಟ ಸಕ್ಕರೆಯಾಗಿರುತ್ತದೆ. ಆ ಸಕ್ಕರೆಯೇ ಅದರ ಸಿಹಿ, ಬೇಗ ಉರಿದರೆ ನಾಲಿಗೆ ಕಚ್ಚುವುದಕ್ಕೂ ಅದೇ ಕಾರಣ. ಬರ್ಲಿ ಎಂಬ ಇನ್ನೊಂದು ಬಗೆಯ ಸೊಪ್ಪಿನಲ್ಲಿ ಸಕ್ಕರೆ ಕಡಿಮೆ, ನಿಧಾನಕ್ಕೆ ಉರಿಯುತ್ತದೆ, ಸೆಕೆಯಲ್ಲಿ ಅದು ಸೌಮ್ಯ. ಆದರೂ ನನ್ನ ಮನಸ್ಸು ವರ್ಜೀನಿಯಾವನ್ನು ಬಿಡುವುದಿಲ್ಲ. ಡಬ್ಬಿ ತೆರೆದರೆ ನಮ್ಮ ಸೊಪ್ಪಿನ ಕೋಣೆಯ ವಾಸನೆ.

ಒಣಗಿದ ಸೊಪ್ಪನ್ನು ಹದಕ್ಕೆ ತರಲು ಇಲ್ಲಿ ಸುಟ್ಟ ಮಣ್ಣಿನ ಪುಟ್ಟ ಬಿಲ್ಲೆಯನ್ನು ನೀರಲ್ಲಿ ನೆನೆಸಿ, ಒರೆಸಿ, ಸೊಪ್ಪಿನ ಜೊತೆ ಗಾಜಿನ ಜಾಡಿಯಲ್ಲಿ ಇಡುತ್ತಾರೆ. ಒಂದು ರಾತ್ರಿಯಲ್ಲಿ ಎಲೆ ಮೆತ್ತಗಾಗುತ್ತದೆ. ಇದನ್ನು ನೋಡಿದಾಗ ನನಗೆ ಆದ ಸಂತೋಷ ಹೇಳತೀರದು. ಬೆಂದ ಸೊಪ್ಪು ಮುಟ್ಟಿದರೆ ಮುರಿಯುತ್ತದೆಂದು ಬ್ಯಾರನ್ ಬಾಗಿಲನ್ನು ಇಡೀ ರಾತ್ರಿ ತೆರೆದಿಟ್ಟು, ತಂಪುಗಾಳಿಯ ತೇವ ಕುಡಿದ ಮೇಲೆ ಬೆಳಗಿನ ಜಾವ ಕಡ್ಡಿ ಇಳಿಸುತ್ತಿದ್ದೆವಲ್ಲ, ಅದೇ ಕೆಲಸ. ಹದದ ಪರೀಕ್ಷೆಯೂ ಅದೇ. ಚಿಟಿಕೆ ಹಿಡಿದು ಒತ್ತಿದರೆ ಉಂಡೆಯಾಗಿ ಉಳಿಯಬಾರದು, ಪುಡಿಯೂ ಆಗಬಾರದು, ನಿಧಾನವಾಗಿ ಬಿಚ್ಚಿಕೊಳ್ಳಬೇಕು. ತೇವ ಹೆಚ್ಚಾದರೂ ಕಷ್ಟವೇ. ಕೊಳವೆಯಲ್ಲಿ ನೀರು ಗುಳುಗುಳು ಎನ್ನುತ್ತದೆ.

ಬಿಸಿಲು ಪೈಪನ್ನೂ ಬಿಡುವುದಿಲ್ಲ. ಬಾಯಿಗೆ ಹಿಡಿಯುವ ಕಪ್ಪು ಭಾಗ ಎಬೊನೈಟ್‌ನದು, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರು. ಅದನ್ನು ಎರಡು ವಾರ ಕಾರಿನ ಮುಂಗಾಜಿನ ಕೆಳಗೆ ಮರೆತಿದ್ದೆ. ಕರಿಬಣ್ಣ ಹಸಿರುಗಂದಾಗಿ, ಬಾಯಿಗಿಟ್ಟರೆ ಬೆಂಕಿಕಡ್ಡಿಯ ಮದ್ದು ನೆಕ್ಕಿದ ರುಚಿ. ಒಂದು ಭಾನುವಾರವಿಡೀ ಉಜ್ಜಿ ಸರಿಮಾಡಿದೆ.

ಇಷ್ಟೆಲ್ಲ ಕಲಿಸಿದವರು ಪಕ್ಕದ ಬೀದಿಯ ಹಿರಿಯರೊಬ್ಬರು. ಇಟಲಿಯ ಮೊಲ್ಫೆಟ್ಟಾ ಎಂಬ ಕಡಲೂರಿನಿಂದ ಬಂದ ಮೀನುಗಾರರ ಮನೆತನ. ಫ್ರಿಮ್ಯಾಂಟಲ್‌ನಲ್ಲಿ ಆ ಊರಿನವರು ಬಹಳ ಮಂದಿ. ಜೀವಮಾನವಿಡೀ ದೋಣಿಯ ಮೇಲೆ, ಗಾಳಿಯ ನಡುವೆಯೇ ಪೈಪು ಸೇದಿದವರು. ಅವರ ಪೈಪಿಗೆ ತೂತುಗಳಿರುವ ಲೋಹದ ಮುಚ್ಚಳವಿದೆ. ನಮ್ಮ ಬ್ಯಾರನ್‌ನ ಕಿಂಡಿಯಂತೆಯೇ, ಬೇಕಾದಷ್ಟೇ ಗಾಳಿಯನ್ನು ಒಳಗೆ ಬಿಡುತ್ತದೆ, ಕಿಡಿ ಹಾರದಂತೆ ತಡೆಯುತ್ತದೆ. ಗಾಳಿಗೆ ಬೆನ್ನು ಕೊಟ್ಟು ಕೂರಬೇಕು, ಸೊಪ್ಪನ್ನು ಎಂದಿಗಿಂತ ಸ್ವಲ್ಪ ಬಿಗಿಯಾಗಿ ತುಂಬಬೇಕು, ಪುಡಿ ಸೊಪ್ಪಿನ ಬದಲು ಒತ್ತಿ ತೆಳು ಪಟ್ಟಿಯಂತೆ ಕೊಯ್ದದ್ದನ್ನು ಮಡಚಿ ಇಡಬೇಕು, ಬಟ್ಟಲು ಕೆನ್ನೆಗೆ ತಾಗಿಸಿ ತಾಳದಷ್ಟು ಬಿಸಿಯಾದರೆ ಪಕ್ಕಕ್ಕಿಟ್ಟು ನೀರು ಕುಡಿಯಬೇಕು ಎಂದು ಒಂದೊಂದನ್ನೂ ಕೈಹಿಡಿದು ತೋರಿಸಿದರು. ಮುಸುಕಿನ ಜೋಳದ, ಕಾಳು ಬಿಡಿಸಿದ ತೆನೆಯ ಬೆಂಡಿನಿಂದ ಮಾಡಿದ ಹಗುರವಾದ ಪೈಪೊಂದನ್ನೂ ಕೊಟ್ಟರು. ಅಮೆರಿಕದ ಮಿಸೌರಿಯಲ್ಲಿ 1869ರಿಂದ ಮಾಡುತ್ತಿರುವ ಬಗೆಯದು. ಬೆಂಡು ತೇವ ಹೀರಿಕೊಳ್ಳುತ್ತದೆ, ಸೆಕೆಗಾಲಕ್ಕೆ ನನಗೆ ಅದೇ ಹಿತ.

ಈಗ ನಾನು ಬೇಸಿಗೆಯಲ್ಲಿ ಪೈಪು ಹಚ್ಚುವುದು ಭಾನುವಾರ ರಾತ್ರಿ ಒಂಬತ್ತೂವರೆಯ ಮೇಲೆ, ಡಾಕ್ಟರ್ ತನ್ನ ಕೆಲಸ ಮುಗಿಸಿ ಗಾಳಿ ತಗ್ಗಿದ ನಂತರ. ನಿಮಗೆ ಆಗ ಏಳು ಗಂಟೆ, ಅವ್ವ ದೀಪ ಹಚ್ಚಿ ಕುಳಿತಿರುತ್ತಾಳೆ. ಸುಣ್ಣಕಲ್ಲಿನ ಗೋಡೆಯ ಮರೆಯಲ್ಲಿ ಕುಳಿತರೆ ಹೊಗೆ ನೆಟ್ಟಗೆ ಮೇಲೇರುತ್ತದೆ. ಅದು ನೆಟ್ಟಗೆ ಏರುತ್ತಿದೆಯೇ ಎಂದು ಊದುಬತ್ತಿ ಹಚ್ಚಿ ನೋಡಿ, ಓಲಾಡಿದರೆ ಪೈಪನ್ನು ಒಳಗಿಟ್ಟು ಮಲಗುತ್ತೇನೆ. ಬೆಂಕಿ ಹಚ್ಚುವುದನ್ನೇ ನಿಷೇಧಿಸುವ ದಿನಗಳು ಇಲ್ಲಿ ಬೇಸಿಗೆಯಲ್ಲಿ ಬರುತ್ತವೆ. ಒಣಹುಲ್ಲಿಗೆ ಒಂದು ಕಿಡಿ ಬಿದ್ದರೆ ಕಾಡೇ ಹೊತ್ತುತ್ತದೆ. ಅಂಥ ದಿನ ಕಡ್ಡಿಪೆಟ್ಟಿಗೆಯನ್ನು ಮುಟ್ಟುವುದಿಲ್ಲ.

ವಾರಕ್ಕೆ ಒಂದೇ ಬಟ್ಟಲು ಎಂದು ಅವ್ವನಿಗೆ ಕೊಟ್ಟ ಮಾತನ್ನು ಮೀರಿಲ್ಲ. ಹೊಗೆಯನ್ನು ಎದೆಗೆ ಇಳಿಸದಿದ್ದರೂ ಬಾಯಿಗೆ, ಗಂಟಲಿಗೆ ಅದು ಕ್ಯಾನ್ಸರ್ ತರಬಲ್ಲದು. ಚಿಕ್ಕಪ್ಪನನ್ನು ಕಣ್ಣಾರೆ ಕಂಡವರು ನಾವು. ನಿನ್ನ ಮಗ ಕೇಳಿದರೆ ಇದನ್ನೇ ಮೊದಲು ಹೇಳು, ಉಳಿದದ್ದನ್ನು ಹೇಳಬೇಡ. ಇಲ್ಲಿನ ಸರ್ಕಾರವೂ 50 ಗ್ರಾಂ ಪೊಟ್ಟಣ 100 ಡಾಲರ್ ದಾಟುವಷ್ಟು ತೆರಿಗೆ ಹಾಕಿದೆ. ಪರವಾನಗಿಯಿಲ್ಲದೆ ಹಿತ್ತಲಲ್ಲಿ ಒಂದು ಹೊಗೆಸೊಪ್ಪಿನ ಗಿಡ ಬೆಳೆಸಿದರೂ ಅಪರಾಧ. ಅಷ್ಟು ಬೆಲೆಯ ಸೊಪ್ಪನ್ನು ಗಾಳಿ ಸೇದಿಬಿಟ್ಟರೆ ಸೊಪ್ಪು ಬೆಳೆದ ಮನೆಯವನಿಗೆ ಹೊಟ್ಟೆ ಉರಿಯದೇ ಇರುತ್ತದೆಯೇ?

ಆಗಸ್ಟ್ ಎರಡನೆಯ ವಾರ ರಜೆ ಮಂಜೂರಾಗಿದೆ. ಬ್ಯಾರನ್ ಉರಿಯುವ ಕಾಲ, ಪಿರಿಯಾಪಟ್ಟಣದಲ್ಲಿ ಸೋನೆ ಮಳೆ. ಬಾಗಿಲ ಪಕ್ಕದ ಹಗ್ಗದ ಮಂಚವನ್ನು ನನಗೆ ಬಿಡು, ಮೂರು ರಾತ್ರಿಯಾದರೂ ಕಿಂಡಿ ಕಾಯುವ ಕೆಲಸ ನನ್ನದು. ಪೈಪನ್ನು ಇಲ್ಲೇ ಬಿಟ್ಟು ಬರುತ್ತೇನೆ. ಬ್ಯಾರನ್ ಅಂಗಳಕ್ಕೆ ಅಪ್ಪ ಯಾರಿಗೂ ಬೀಡಿ ಹಚ್ಚಿಕೊಂಡು ಬರಲು ಬಿಟ್ಟವರಲ್ಲ. ಹಳೆಯ ತಾಪಮಾಪಕದ ದಾರ ಸವೆದಿದೆ ಎಂದಿದ್ದೆಯಲ್ಲ, ಇಲ್ಲಿ ದೋಣಿಯವರು ಬಳಸುವ ಗಟ್ಟಿ ದಾರ ಸಿಗುತ್ತದೆ, ಎಷ್ಟು ಉದ್ದ ಬೇಕೆಂದು ಅಳತೆ ಬರೆದು ಕಳಿಸು.

ಅವ್ವನಿಗೂ ಅತ್ತಿಗೆಗೂ ನನ್ನ ನಮಸ್ಕಾರಗಳು. ಮಕ್ಕಳಿಗೆ ಮುತ್ತು.

ನಿನ್ನ ತಮ್ಮ