ರೈಲ್ವೆ ಕಂಪನಿಗಳ ಕೈ ತಪ್ಪಿದ್ದು 1951ರಲ್ಲಲ್ಲ

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಪೇಪರ್‌ನಲ್ಲಿ ರೈಲ್ವೆ ರಾಷ್ಟ್ರೀಕರಣದ ಬಗ್ಗೆ ಬಂದ ಲೇಖನ ಓದಿದೆ. ಎಲ್ಲಾ ಸ್ವಾತಂತ್ರ್ಯ ಬಂದ್ಮೇಲೆ 1951ರಲ್ಲೇ ಆಯ್ತು ಅನ್ನೋ ಥರ ಬರೆದಿದ್ದಾರೆ, ಅದಕ್ಕೂ ಮುಂಚೆ ನಮ್ಮವರು ಎಷ್ಟು ವರ್ಷ ಗುದ್ದಾಡಿದ್ರು ಅನ್ನೋದೇ ಅದ್ರಲ್ಲಿಲ್ಲ, ಅದಕ್ಕೇ ಈ ಪತ್ರ.

ಶುರುವಿನಲ್ಲಿ ರೈಲು ಹಾಕಿದ ಬ್ರಿಟಿಷ್ ಕಂಪನಿಗಳಿಗೆ ಅವರ ಬಂಡವಾಳದ ಮೇಲೆ 5% ಬಡ್ಡಿ ಗ್ಯಾರಂಟಿ ಇತ್ತು, ಲಾಭ ಕಮ್ಮಿ ಬಿದ್ರೆ ನಮ್ಮ ಜನರ ತೆರಿಗೆಯಿಂದ ತುಂಬಿಕೊಡೋದು. ಆಮೇಲೆ ಸರ್ಕಾರ ಈಸ್ಟ್ ಇಂಡಿಯನ್ ರೈಲ್ವೆನ 1879ರ ಕೊನೆಗೆ, ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆನ 1900ರಲ್ಲಿ ಕೊಂಡುಕೊಳ್ತು. ಆದ್ರೆ ಕೊಂಡಮೇಲೂ ನಡೆಸೋ ಗುತ್ತಿಗೆ ಕಂಪನಿಗಳಿಗೇ ಕೊಟ್ರು! ಆಸ್ತಿ ಸರ್ಕಾರದ್ದು, ಕಾರುಬಾರು ಲಂಡನ್ನಲ್ಲಿ ಕೂತ ಬೋರ್ಡಿಂದು. ನನ್ನ ಪ್ರಕಾರ ಇಡೀ ಕಥೆಯಲ್ಲಿ ಮುಖ್ಯವಾದ ವಿಷಯ ಇದೇ, ಲೇಖನದಲ್ಲಿ ಬಿಟ್ಟುಹೋಗಿರೋದೂ ಇದೇ.

ಆ ಕಾರುಬಾರು ಹೆಂಗಿತ್ತು ಅಂತ ಗಾಂಧೀಜಿ 1917ರಲ್ಲಿ ಪತ್ರಿಕೆಗಳಿಗೆ ಬರೆದಿದ್ರು. ಬಾಂಬೆಯಿಂದ ಮದ್ರಾಸಿಗೆ ಮೇಲ್ ಗಾಡಿಯಲ್ಲಿ ಥರ್ಡ್ ಕ್ಲಾಸು, ಟಿಕೆಟ್ 13 ರೂಪಾಯಿ 9 ಆಣೆ, ಡಬ್ಬಿ ಮೇಲೆ 22 ಜನ ಅಂತ ಬರೆದಿತ್ತು, ಎರಡು ರಾತ್ರಿ ಪ್ರಯಾಣದಲ್ಲಿ ಒಂದು ಸಲಾನೂ ಕಸ ಗುಡಿಸಲಿಲ್ಲ, ನಮ್ಮ ರಾಯಚೂರು ದಾಟಿದ್ಮೇಲಂತೂ ನೂಕುನುಗ್ಗಲು ತಡೆಯೋಕಾಗಲಿಲ್ಲ ಅಂತಾರೆ, ಗಾರ್ಡುಗಳು ಬರ್ತಿದ್ದದ್ದು ಇನ್ನೂ ಜನರನ್ನ ಒಳಗೆ ತಳ್ಳೋಕೆ ಮಾತ್ರ. ದುಡ್ಡು ಕೊಟ್ಟು ಹತ್ತಿದ ಬಡವರನ್ನ ಹಿಂಗೆ ನಡೆಸ್ಕೊಂಡಿದ್ದು ಓದಿದ್ರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

1920ರಲ್ಲಿ ರೈಲ್ವೆ ಯಾರು ನಡೆಸಬೇಕು ಅಂತ ನೋಡೋಕೆ ಸರ್ಕಾರ ನೇಮಿಸಿದ ಆಕ್ವರ್ತ್ ಸಮಿತಿ ಕೂತ್ಕೊಂಡಾಗ ಹತ್ತು ಜನ ಸದಸ್ಯರು ಐದು-ಐದಾಗಿ ಒಡೆದು ಹೋದ್ರು. ಸರ್ಕಾರವೇ ನಡೆಸಲಿ ಅಂದವರಲ್ಲಿ ಅಧ್ಯಕ್ಷ ಆಕ್ವರ್ತ್ ಜೊತೆ ಶ್ರೀನಿವಾಸ ಶಾಸ್ತ್ರಿ, ಪುರುಷೋತ್ತಮದಾಸ್ ಠಾಕೂರದಾಸ್ ಇದ್ರು. ಲಂಡನ್ ಬೋರ್ಡು ಬೇಡ ಅನ್ನೋದಕ್ಕೆ ಮಾತ್ರ ಹತ್ತೂ ಜನ ಒಪ್ಪಿದ್ರು. 1923ರಲ್ಲಿ ಸೆಂಟ್ರಲ್ ಅಸೆಂಬ್ಲಿಯಲ್ಲಿ ನಮ್ಮವರು ಪಟ್ಟು ಹಿಡಿದು ಸರ್ಕಾರವೇ ನಡೆಸಲಿ ಅನ್ನೋ ನಿರ್ಣಯ ಪಾಸ್ ಮಾಡಿಸಿದ್ರು, 1925ರಲ್ಲಿ ಈಸ್ಟ್ ಇಂಡಿಯನ್, ಜಿಐಪಿ ಎರಡೂ ರೈಲ್ವೆಗಳ ಕಾರುಬಾರು ಸರ್ಕಾರದ ಕೈಗೆ ಬಂತು. ಇದು ಬ್ರಿಟಿಷರು ಖುಷಿಯಿಂದ ಕೊಟ್ಟಿದ್ದಲ್ಲ ಸ್ವಾಮಿ, ಕೇಳಿ ಕೇಳಿ ತಗೊಂಡಿದ್ದು.

ನಮ್ಮ ಹುಬ್ಬಳ್ಳಿ ಕಡೆಯ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಮಾತ್ರ 1944ರ ತನಕ ಕಂಪನಿ ಕೈಯಲ್ಲೇ ಇತ್ತು. 1951ರಲ್ಲಿ ಆಗಿದ್ದು ಹೆಚ್ಚಾಗಿ ಇವನ್ನೆಲ್ಲ ಸೇರಿಸಿ ವಲಯ ಮಾಡೋ ಕೆಲಸ. ದಯವಿಟ್ಟು ಮುಂದಿನ ವಾರ ಒಂದು ತಿದ್ದುಪಡಿ ಹಾಕಿ, ಮಕ್ಕಳು ಪರೀಕ್ಷೆಗೆ ನಿಮ್ಮ ಪೇಪರ್ ನೋಡ್ಕೊಂಡೇ ಓದ್ತಾರೆ.

ಇತಿ,
ಒಬ್ಬ ಓದುಗ