ಟೋಟೆಮ್ ಕಂಬಗಳಿಗೆ ಮರ ಬೇಕು, ಕೆತ್ತುವ ಕೈಗಳೂ ಬೇಕು: ಅರಣ್ಯ ಸಚಿವರಿಗೆ ಬಹಿರಂಗ ಪತ್ರ

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಅರಣ್ಯ ಸಚಿವರಿಗೆ,

ಮಾನ್ಯರೇ,

ವ್ಯಾಂಕೂವರ್‌ನಲ್ಲಿ ನೆಲೆಸಿ ಇಲ್ಲಿಯೇ ಮತ ಚಲಾಯಿಸುವ ಕನ್ನಡಿಗನಾಗಿ, ಈ ಕರಾವಳಿಯ ಮೂಲನಿವಾಸಿಗಳು ತಮ್ಮ ಕುಲದ ಲಾಂಛನಗಳನ್ನು ಕೆತ್ತಿ ನಿಲ್ಲಿಸುವ ಮರದ ಟೋಟೆಮ್ ಕಂಬಗಳ ವಿಷಯದಲ್ಲಿ ತಮ್ಮಲ್ಲೊಂದು ವಿನಂತಿ ಮಾಡಿಕೊಳ್ಳುತ್ತಿದ್ದೇನೆ. ಹಳೆಯ ಕಂಬಗಳ ಬಿರುಕು ಮುಚ್ಚಿ ಬಣ್ಣ ಬಳಿಸಿದರೆ ಜೀರ್ಣೋದ್ಧಾರ ಮುಗಿಯುವುದಿಲ್ಲ. ಇಲ್ಲಿನ ಎಡೆಬಿಡದ ಮಳೆಯಲ್ಲಿ ಸೀಡರ್ ಎಂಬ ಸೂಚಿಪರ್ಣಿ ಮರದ ಕಂಬವೊಂದು ನೂರು ವರ್ಷ ನಿಂತರೆ ಅದೇ ಹೆಚ್ಚು. ಯುನೆಸ್ಕೋ 1981ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಘೋಷಿಸಿದ ಸ್ಗಾಂಗ್ ಗ್ವಾಯ್ ದ್ವೀಪದಲ್ಲಿಯೂ ಹೈಡಾ ಎಂಬ ಮೂಲನಿವಾಸಿ ಜನರ ಕಂಬಗಳು ನಿಧಾನವಾಗಿ ಮಣ್ಣು ಸೇರುತ್ತಿವೆ. ಅವು ಹಾಗೆಯೇ ಮಣ್ಣು ಸೇರಲಿ ಎಂಬುದು ಅನೇಕ ಹೈಡಾ ಹಿರಿಯರ ಅಪೇಕ್ಷೆಯೂ ಹೌದು. ಹೀಗಿರುವಾಗ ಪರಂಪರೆ ಉಳಿಯುವುದು ಹೊಸ ಕಂಬ ಏಳುತ್ತಿದ್ದರೆ ಮಾತ್ರ.

ಹೊಸ ಕಂಬಗಳು ಏಳುವ ಆ ಸರಣಿಯನ್ನು ಕಡಿದದ್ದು ಸರ್ಕಾರವೇ. ಕಂಬ ನಿಲ್ಲಿಸುವ ಸಂದರ್ಭದಲ್ಲಿ ಔತಣವಿತ್ತು ಉಡುಗೊರೆ ಹಂಚುವ ಪಾಟ್‌ಲ್ಯಾಚ್ ಸಮಾರಂಭವನ್ನು ಕೆನಡಾದ ಕಾನೂನು 1885ರಿಂದ 1951ರವರೆಗೆ ನಿಷೇಧಿಸಿತ್ತು. ನಿಷೇಧ ತೆರವಾದ ಮರುವರ್ಷ ಇದೇ ಪ್ರಾಂತ್ಯದ ವಸ್ತುಸಂಗ್ರಹಾಲಯವು ಕ್ವಕ್ವಕಾವಕ್ವ ಜನಾಂಗದ ಹಿರಿಯ ಶಿಲ್ಪಿ ಮಂಗೋ ಮಾರ್ಟಿನ್ ಅವರನ್ನು ಸಂಬಳಕ್ಕೆ ನೇಮಿಸಿಕೊಂಡಿತು. ಅವರು ವಿಕ್ಟೋರಿಯಾದಲ್ಲಿ ಶಿಥಿಲ ಕಂಬಗಳ ಪ್ರತಿಗಳನ್ನು ಕೆತ್ತುತ್ತಲೇ ಮಗ ಡೇವಿಡ್‌ಗೂ ಹೆನ್ರಿ ಹಂಟ್, ಟೋನಿ ಹಂಟ್ ಅವರಿಗೂ ವಿದ್ಯೆ ಕಲಿಸಿದರು. ಸರ್ಕಾರದ ಹಣ ಇಷ್ಟು ಸಾರ್ಥಕವಾಗಿ ಖರ್ಚಾದ ನಿದರ್ಶನಗಳು ನನಗೆ ಹೆಚ್ಚು ಗೊತ್ತಿಲ್ಲ.

ಮರದ ಪ್ರಶ್ನೆ ಇನ್ನೂ ಕಠಿಣ. ಕಂಬಕ್ಕೆ ಬೇಕಾದ್ದು ನೂರಾರು ವರ್ಷ ಬೆಳೆದ, ನೆಟ್ಟಗಿನ, ಬಹುದೂರದವರೆಗೆ ಗಂಟಿಲ್ಲದ ರೆಡ್ ಸೀಡರ್. ಹಿಂದಿನವರು ನಿಂತ ಮರದ ಬುಡದಲ್ಲಿ ಕಿಂಡಿ ಕೊರೆದು ಒಳಗಿನ ಚೇಗನ್ನು ಪರೀಕ್ಷಿಸುತ್ತಿದ್ದರು. ಕೊಳೆತಿದ್ದರೆ ಮರವನ್ನು ಹಾಗೆಯೇ ಬಿಡುತ್ತಿದ್ದರು. ಅಂಥ ಕಿಂಡಿಗಳಿರುವ ಮರಗಳು ಹೈಡಾ ಜನರ ದ್ವೀಪಸಮೂಹವಾದ ಹೈಡಾ ಗ್ವಾಯ್ ಕಾಡಿನಲ್ಲಿ ಇಂದಿಗೂ ಜೀವಂತವಾಗಿವೆ. ಆರಿಸಿದ ಮರದ ಬೆನ್ನನ್ನು ಟೊಳ್ಳು ಮಾಡಿ ಭಾರವನ್ನೂ ಬಿರುಕನ್ನೂ ತಗ್ಗಿಸುವುದು, ಬಾಚಿಯ ಏಟುಗಳನ್ನು ಒಂದೇ ಆಳದಲ್ಲಿ ಸಾಲಾಗಿ ಇಳಿಸುವುದು, ಇವೆಲ್ಲ ಗುರುವಿನ ಪಕ್ಕದಲ್ಲಿ ನಿಂತು ವರ್ಷಗಟ್ಟಲೆ ಕಲಿಯುವ ಕೆಲಸ. ನಾಟಾ ಕಂಪನಿಗಳು ಮೊದಲು ಕಡಿಯಬಯಸುವುದೂ ಇಂಥ ಮರಗಳನ್ನೇ.

ಕಥೆಗಳ ಬಗ್ಗೆಯೂ ಎಚ್ಚರ ಬೇಕು. ಬೆಳಕನ್ನು ಪೆಟ್ಟಿಗೆಯಿಂದ ಕದ್ದು ತಂದ ರೇವನ್ ಕಾಗೆಯ ಕಥೆ ಎಲ್ಲೆಡೆ ಪ್ರಚಲಿತ. ಆದರೆ ಕಂಬದ ಮೇಲಿನ ಅನೇಕ ಲಾಂಛನಗಳೂ ಅವುಗಳ ವೃತ್ತಾಂತಗಳೂ ನಿರ್ದಿಷ್ಟ ಕುಲಗಳ ಸ್ವತ್ತು. ಆ ಕುಲದವರ ಒಪ್ಪಿಗೆಯಿಲ್ಲದೆ ಅವನ್ನು ಪ್ರವಾಸಿ ಫಲಕಗಳಲ್ಲಿ ಅಚ್ಚು ಹಾಕಿಸುವುದನ್ನು ಸಂರಕ್ಷಣೆಯೆಂದು ಕರೆಯಲಾಗದು.

ಆದ್ದರಿಂದ ಹೊಸ ಕಡಿತದ ಪರವಾನಗಿಗಳಿಗೆ ಸಹಿ ಹಾಕುವ ಮುನ್ನ, ಕರಾವಳಿಯ ಪ್ರತಿ ಮೂಲನಿವಾಸಿ ಸಮುದಾಯದ ಶಿಲ್ಪಿಗಳು ಗುರುತಿಸುವ ಸೀಡರ್ ಮರಗಳನ್ನು ಕಾನೂನುಬದ್ಧವಾಗಿ ಮೀಸಲಿಡಬೇಕೆಂದೂ, ಶಿಷ್ಯರ ಸಂಬಳಕ್ಕೆ ಬಹುವರ್ಷಗಳ ಅನುದಾನವನ್ನು ಆಯಾ ಸಮುದಾಯದ ಕೈಗೇ ಕೊಡಬೇಕೆಂದೂ ಕೋರುತ್ತೇನೆ. ತಮ್ಮ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ವ್ಯಾಂಕೂವರ್‌ನ ಒಬ್ಬ ಮತದಾರ